ಟಿಎಸ್‌ಆರ್ ತೆಗೆದ ಮೇಲೆ 486 ಹ್ಯಾಂಗ್: ಇಎಂಎಂ386 ಇದ್ದಾಗ ಏನೂ ಆಗಲ್ಲ, ಇಲ್ಲದಾಗ ಆಗುತ್ತೆ

ಹಳೆಗಣಕ — ಪ್ರಶ್ನೆ

ಯಂತ್ರ 486 ಡಿಎಕ್ಸ್2-66, 8 ಎಂಬಿ ರ‍್ಯಾಮ್, ಎಂಎಸ್-ಡಾಸ್ 6.22. ಕಾಮ್1ರಲ್ಲಿ ಸೀರಿಯಲ್ ಮೌಸ್ ಇದೆ. ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಲೋಡ್ ಆಗುವ ಕ್ರಮ ಹೀಗಿದೆ: ಸ್ಮಾರ್ಟ್‌ಡ್ರೈವ್ (ಡಿಸ್ಕ್ ಕ್ಯಾಷೆ), ಮೌಸ್ ಡ್ರೈವರ್, ಡಾಸ್‌ಕೀ, ಮೂಲೆಯಲ್ಲಿ ಸಮಯ ತೋರಿಸುವ ಚಿಕ್ಕ ಗಡಿಯಾರ, ಕಂಟ್ರೋಲ್+ಆಲ್ಟ್+ಟಿ ಒತ್ತಿದರೆ ತೆರೆಯುವ ಟಿಪ್ಪಣಿ ಪುಸ್ತಕ, ಕೊನೆಗೆ ಕೀಬೋರ್ಡ್ ಮ್ಯಾಕ್ರೊ. ಕೊನೆಯ ಮೂರೂ ಶೇರ್‌ವೇರ್ ಕಾಲದ ಚಿಕ್ಕ ಟಿಎಸ್‌ಆರ್‌ಗಳು, ಅಂದರೆ ಒಮ್ಮೆ ಓಡಿಸಿದರೆ ಮೆಮೊರಿಯಲ್ಲೇ ಉಳಿದು ಹಿನ್ನೆಲೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಂಗಳು. ಮೂರಕ್ಕೂ /ಯು ಕೊಟ್ಟರೆ ಮೆಮೊರಿಯಿಂದ ಹೊರಹೋಗುವ ಸೌಲಭ್ಯ ಇದೆ.

ಮೊದಲು 640 ಕೆಗಿಂತ ಮೇಲಿನ ಮೆಮೊರಿಯನ್ನು ಬಳಕೆಗೆ ಕೊಡುವ ಇಎಂಎಂ386 ಡ್ರೈವರನ್ನು ನೋಇಎಂಎಸ್ ಜೊತೆ ಹಾಕಿ, ಎಲ್ಲವನ್ನೂ ಲೋಡ್‌ಹೈ ಮೂಲಕ ಮೇಲ್ಮೆಮೊರಿಗೆ ಕಳಿಸಲಾಗಿತ್ತು. ಆಗ ತೊಂದರೆ ಇರಲಿಲ್ಲ. ಒಂದು ಹಳೆಯ ಪ್ಯಾಕೇಜು ತಾನೇ ನೇರವಾಗಿ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗುತ್ತದೆ. ಇಎಂಎಂ386 ಇದ್ದರೆ ಅದು ಓಡಲು ಒಪ್ಪುವುದಿಲ್ಲವಾದ್ದರಿಂದ ಆ ಸಾಲನ್ನು ತೆಗೆಯಬೇಕಾಯಿತು. ಅಲ್ಲಿಂದ ಮೂರು ಸಮಸ್ಯೆಗಳು:

1. ಜಾಗ ಬಿಡಿಸಲು ಮೊದಲು ಟಿಪ್ಪಣಿ /ಯು, ಆಮೇಲೆ ಮ್ಯಾಕ್ರೊ /ಯು ಕೊಟ್ಟರೆ ಎರಡೂ "ತೆಗೆಯಲಾಯಿತು" ಎನ್ನುತ್ತವೆ. ಡಿಐಆರ್, ಸಿಡಿ, ಟೈಪ್ ಸರಿಯಾಗಿ ನಡೆಯುತ್ತವೆ. ಎಡಿಟ್ ಅಥವಾ ಬೇರೆ ಯಾವ ಪ್ರೋಗ್ರಾಂ ತೆರೆದರೂ ಪರದೆ ಬರುತ್ತದೆ, ಮೊದಲ ಕೀ ಒತ್ತಿದ ಕೂಡಲೇ ಹ್ಯಾಂಗ್. ಕ್ಯಾಪ್ಸ್ ಲಾಕ್ ದೀಪ ಬದಲಾಗುವುದಿಲ್ಲ, ಕಂಟ್ರೋಲ್+ಆಲ್ಟ್+ಡೆಲ್ ಕೂಡ ಕೆಲಸ ಮಾಡುವುದಿಲ್ಲ.

2. ಟಿಪ್ಪಣಿ ಪುಸ್ತಕ ತೆರೆದು ಮುಚ್ಚಿದ ಮೇಲೆ ಕೆಲವೊಮ್ಮೆ ಕಂಟ್ರೋಲ್ ಕೀ ಒತ್ತಿಯೇ ಇದ್ದ ಹಾಗೆ ಆಗುತ್ತದೆ. ಸಿ ಒತ್ತಿದರೆ ಕಂಟ್ರೋಲ್+ಸಿ ಆಗಿಬಿಡುತ್ತದೆ.

3. ಈ ಯಂತ್ರದ ಡಿಸ್ಕಿನಲ್ಲಿ ಇಸ್ಕಿ ಎಂಬ ಭಾರತೀಯ ಲಿಪಿಗಳ ಹಳೆಯ ಸಂಕೇತದ ಕನ್ನಡ ಕಡತಗಳಿವೆ, ಅವನ್ನು ಹೊರಗೆ ತರಬೇಕು. ಅದಕ್ಕಾಗಿ ಕಾನ್ಫಿಗ್.ಸಿಸ್‌ನಲ್ಲಿ ಎರಡು ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸುವ ಇಂಟರ್‌ಲಿಂಕ್ ಸೇರಿಸಿದರೆ ಮೌಸ್ ಸತ್ತುಹೋಗುತ್ತದೆ.

ಮೊದಲನೆಯದೇ ಮುಖ್ಯ. ಇಎಂಎಂ386 ತೆಗೆದರೆ ಮಾತ್ರ ಬರುವುದರಿಂದ ಮೆಮೊರಿ ನಿರ್ವಹಣೆಯಲ್ಲೇ ದೋಷ ಇರಬಹುದೇ?

ಡಾಸ್_ಅಂಗಳ

ಮೊದಲು ಶುದ್ಧ ಬೂಟ್ ಮಾಡಿ ನೋಡಿ. "ಸ್ಟಾರ್ಟಿಂಗ್ ಎಂಎಸ್-ಡಾಸ್" ಎಂದು ಬಂದಾಗ ಎಫ್5 ಒತ್ತಿದರೆ ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎರಡನ್ನೂ ಬಿಟ್ಟು ಬೂಟ್ ಆಗುತ್ತದೆ. ಎಫ್8 ಒತ್ತಿದರೆ ಒಂದೊಂದು ಸಾಲಿಗೂ ಹೌದು-ಇಲ್ಲ ಕೇಳುತ್ತದೆ. 6.22ರಲ್ಲಿ ಆಟೋಎಕ್ಸೆಕ್‌ನ ಸಾಲುಗಳಿಗೂ ಕೇಳುತ್ತದೆ. 6.0ರಲ್ಲಿ ಆ ಸೌಲಭ್ಯ ಕಾನ್ಫಿಗ್.ಸಿಸ್‌ಗೆ ಮಾತ್ರ ಇತ್ತು.

ನನ್ನ ಸಂಶಯ ಹೈಮೆಮ್ ಎಂಬ ಮೆಮೊರಿ ಡ್ರೈವರ್ ಮೇಲೆ. 1 ಎಂಬಿಗಿಂತ ಮೇಲಿನ ಮೆಮೊರಿಗೆ ದಾರಿ ಬಿಡುವ ಎ20 ಗೆರೆಯನ್ನು ಅದು ತಪ್ಪಾಗಿ ಹಿಡಿದರೂ ಇಂಥ ಹ್ಯಾಂಗ್ ಬರುತ್ತದೆ. /ಮೆಷಿನ್ ಸ್ವಿಚ್ ಕೊಟ್ಟು ಬೇರೆ ಎ20 ವಿಧಾನ ಪ್ರಯತ್ನಿಸಿ, ಅಥವಾ ಡಾಸ್=ಹೈ ತೆಗೆದು ಡಾಸ್=ಲೋ ಮಾಡಿ. ಆಗಲೂ ಹ್ಯಾಂಗ್ ಆದರೆ ಹೈಮೆಮ್ ಕಾರಣವಲ್ಲ ಎಂದು ಗೊತ್ತಾಗುತ್ತದೆ.

ನಾಲ್ಕೆಂಟಾರು

ಎ20 ಅಲ್ಲ. ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ: ಡಿಐಆರ್ ಓಡುತ್ತದೆ, ಎಡಿಟ್ ಓಡುವುದಿಲ್ಲ. ಡಿಐಆರ್, ಸಿಡಿ, ಟೈಪ್ ಮೂರೂ ಕಮಾಂಡ್.ಕಾಮ್ ಒಳಗೇ ಇರುವ ಆಜ್ಞೆಗಳು. ಅವುಗಳಿಗೆ ಹೊಸದಾಗಿ ಯಾವ ಪ್ರೋಗ್ರಾಮೂ ಮೆಮೊರಿಗೆ ಬರಬೇಕಿಲ್ಲ. ಎಡಿಟ್ ಬರಬೇಕು. ಅಂದರೆ ಹೊಸದೊಂದು ಬಂದು ಕೂತ ಜಾಗದಲ್ಲಿ ಯಾರಿಗೋ ಇನ್ನೂ ಬೇಕಾಗಿದ್ದ ಏನೋ ಇತ್ತು.

ನಡೆಯುವುದು ಇಷ್ಟು. ಮೆಮೊರಿಯ ಮೊದಲ 1024 ಬೈಟ್ ಇಂಟರಪ್ಟ್ ವೆಕ್ಟರ್‌ಗಳ ಪಟ್ಟಿ, ಅಂದರೆ ಯಾವ ಕರೆ (ಇಂಟರಪ್ಟ್) ಬಂದರೆ ಎಲ್ಲಿರುವ ಕೋಡ್ ಓಡಿಸಬೇಕು ಎಂಬುದರ ಪಟ್ಟಿ: 256 ವಿಳಾಸ, ಒಂದಕ್ಕೆ 4 ಬೈಟ್. ಕೀ ಒತ್ತಿದಾಗ ಇಂಟರಪ್ಟ್ 9 ಬರುತ್ತದೆ. ಪ್ರೊಸೆಸರ್ 0:24ರಲ್ಲಿರುವ ವಿಳಾಸ ಓದಿ ಅಲ್ಲಿಗೆ ಹೋಗುತ್ತದೆ (ಇಲ್ಲಿನ ವಿಳಾಸ, ಇಂಟರಪ್ಟ್ ಮತ್ತು ಕಾರ್ಯಗಳ ಸಂಖ್ಯೆಗಳೆಲ್ಲ ಹೆಕ್ಸ್, ಅಂದರೆ ಹದಿನಾರರ ಆಧಾರದ ಎಣಿಕೆ). ಟಿಎಸ್‌ಆರ್ ಲೋಡ್ ಆಗುವಾಗ ಅಲ್ಲಿದ್ದ ಹಳೆಯ ವಿಳಾಸವನ್ನು ತನ್ನೊಳಗೆ ಬರೆದಿಟ್ಟುಕೊಂಡು, ಪಟ್ಟಿಯಲ್ಲಿ ತನ್ನ ವಿಳಾಸ ಹಾಕುತ್ತದೆ. ತನ್ನ ಕೆಲಸ ಮುಗಿದ ಮೇಲೆ ಹಳೆಯವರ ಬಳಿಗೆ ಕಳಿಸುತ್ತದೆ. ಹೀಗೆ ಒಂದರ ಹಿಂದೆ ಒಂದು ಸರಪಳಿ.

ನಿಮ್ಮಲ್ಲಿ ಸರಪಳಿ ಮ್ಯಾಕ್ರೊ → ಟಿಪ್ಪಣಿ → ಡಾಸ್ ಎಂದಿದೆ. ಈಗ ಟಿಪ್ಪಣಿಯನ್ನು ಮೊದಲು ತೆಗೆಯುತ್ತೀರಿ. ತನ್ನ ಮುಂದೆ ಮ್ಯಾಕ್ರೊ ನಿಂತಿದೆ ಎಂಬುದನ್ನು ಅದು ನೋಡುವುದಿಲ್ಲ. ತಾನು ಬರೆದಿಟ್ಟುಕೊಂಡಿದ್ದ ಡಾಸ್ ವಿಳಾಸವನ್ನು ಪಟ್ಟಿಗೆ ಹಾಕಿ, ಜಾಗ ಬಿಟ್ಟು ಹೋಗುತ್ತದೆ. ಮ್ಯಾಕ್ರೊ ಸರಪಳಿಯಿಂದ ಹೊರಗುಳಿಯಿತು, ಆದರೂ ಯಂತ್ರ ನಡೆಯುತ್ತದೆ. ನಂತರ ಮ್ಯಾಕ್ರೊ ತೆಗೆಯುತ್ತೀರಿ. ಅದು ಬರೆದಿಟ್ಟುಕೊಂಡಿರುವುದು ಟಿಪ್ಪಣಿಯ ವಿಳಾಸ, ಅದನ್ನೇ ಪಟ್ಟಿಗೆ ಹಾಕುತ್ತದೆ. ಮನೆ ಖಾಲಿ ಮಾಡಿ ಹೋದವರ ವಿಳಾಸಕ್ಕೆ ಮತ್ತೆ ಕಾಗದ ಹೋಗತೊಡಗಿತು.

ಜಾಗ ಬಿಟ್ಟರೂ ಟಿಪ್ಪಣಿಯ ಕೋಡ್ ತಕ್ಷಣ ಅಳಿಯುವುದಿಲ್ಲ. ಡಾಸ್ ಆ ತುಂಡನ್ನು "ಖಾಲಿ" ಎಂದು ಗುರುತು ಮಾಡುತ್ತದೆ, ಬೈಟ್‌ಗಳು ಹಾಗೇ ಇರುತ್ತವೆ. ಅದಕ್ಕೇ ಪ್ರಾಂಪ್ಟ್‌ನಲ್ಲಿ ಎಲ್ಲ ಸರಿ ಕಾಣುತ್ತದೆ. ಮ್ಯಾಕ್ರೊ ಕೂಡ ಹೋದ ಮೇಲೆ ಆ ತುಂಡು ಮೇಲಿನ ಖಾಲಿ ಮೆಮೊರಿಯ ಜೊತೆ ಸೇರಿಕೊಳ್ಳುತ್ತದೆ. ಮುಂದೆ ಯಾವ ಪ್ರೋಗ್ರಾಂ ಬಂದರೂ ಸರಿಯಾಗಿ ಟಿಪ್ಪಣಿ ಇದ್ದ ಜಾಗದಲ್ಲೇ ಕೂರುತ್ತದೆ. ಆಮೇಲಿನ ಮೊದಲ ಕೀ ಎಡಿಟ್‌ನ ನಡುವಿನ ಯಾವುದೋ ಬೈಟ್‌ಗೆ ಜಿಗಿಯುತ್ತದೆ. ಆಗ ಇಂಟರಪ್ಟ್‌ಗಳು ಮುಚ್ಚಿರುತ್ತವೆ, ಮೂಲೆಯ ಗಡಿಯಾರವೂ ಬಹುಶಃ ನಿಂತಿರುತ್ತದೆ, ನೋಡಿ.

ಇಎಂಎಂ386 ಇದ್ದಾಗ ದೋಷ ಇರಲಿಲ್ಲ ಅಂತಲ್ಲ, ಅಡಗಿತ್ತು. ಆಗ ಟಿಪ್ಪಣಿ ಇದ್ದದ್ದು 640 ಕೆಗಿಂತ ಮೇಲೆ. ಲೋಡ್‌ಹೈ ಹೇಳದೆ ತೆರೆದ ಪ್ರೋಗ್ರಾಂ ಅಲ್ಲಿಗೆ ಬರುವುದೇ ಇಲ್ಲ, ಹಾಗಾಗಿ ಸತ್ತ ಕೋಡ್ ದಿನವಿಡೀ ಅಲ್ಲೇ ಬಿದ್ದಿದ್ದು ಕೆಲಸ ಮಾಡುತ್ತಿತ್ತು. ಅದೇ ಸ್ಥಿತಿಯಲ್ಲಿ ಇನ್ನೊಂದು ಚಿಕ್ಕ ಪ್ರೋಗ್ರಾಂ ಲೋಡ್‌ಹೈ ಆಗಿ ಆ ಖಾಲಿ ಜಾಗಕ್ಕೇ ಬಂದಿದ್ದರೆ ಅವತ್ತೇ ಹ್ಯಾಂಗ್ ಆಗುತ್ತಿತ್ತು.

ಊಹೆ ಬೇಡ, ಡಾಸ್ ಜೊತೆ ಬರುವ ಡಿಬಗ್‌ನಿಂದ ವೆಕ್ಟರ್ ಓದಿ ಖಚಿತ ಮಾಡಿಕೊಳ್ಳಿ. ಆದರೆ ಎಚ್ಚರ: ಎರಡನ್ನೂ ತೆಗೆದ ಮೇಲೆ ಪ್ರಾಂಪ್ಟ್‌ನಲ್ಲಿ ಡಿಬಗ್ ಎಂದು ಟೈಪ್ ಮಾಡಿದರೆ ಡಿಬಗ್ ಕೂಡ ಅದೇ ಜಾಗಕ್ಕೆ ಬಂದು ಕೂರುತ್ತದೆ, ಮೊದಲ ಕೀಗೇ ಯಂತ್ರ ನಿಲ್ಲುತ್ತದೆ. ಎಂಟರ್ ಕೀ ಬಿಟ್ಟಾಗಲೂ ಇಂಟರಪ್ಟ್ 9 ಬರುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಕೀ ಮುಟ್ಟದೆ ಎಲ್ಲವೂ ಬ್ಯಾಚ್ ಕಡತದಲ್ಲೇ ಆಗಬೇಕು.

ಮೊದಲು ನೋಡು.ಟಿಎಕ್ಸ್‌ಟಿ ಎಂಬ ಕಡತದಲ್ಲಿ ಈ ಮೂರು ಸಾಲು:

ಡಿ 0:24 ಎಲ್4
ಡಿ 0:58 ಎಲ್4
ಕ್ಯೂ

ಕ್ಯೂ ಆದ ಮೇಲೂ ಎಂಟರ್ ಒತ್ತಿ ಉಳಿಸಿ. ಅದು ಇಲ್ಲದಿದ್ದರೆ ಡಿಬಗ್ ಮುಂದಿನ ಆಜ್ಞೆಗೆ ಕಾಯುತ್ತಾ ಕೂರುತ್ತದೆ, ರೀಸೆಟ್ ಬಿಟ್ಟು ಬೇರೆ ದಾರಿ ಇರುವುದಿಲ್ಲ. 0:24 ಇಂಟರಪ್ಟ್ 9ಕ್ಕೆ, 0:58 ಪ್ರೋಗ್ರಾಂಗಳು ಕೀ ಓದಲು ಕರೆಯುವ ಇಂಟರಪ್ಟ್ 16ಕ್ಕೆ. ಯಾವುದೇ ಇಂಟರಪ್ಟ್ ಸಂಖ್ಯೆಯನ್ನು 4ರಿಂದ ಗುಣಿಸಿದರೆ ಅದರ ಜಾಗ ಸಿಗುತ್ತದೆ, ಗುಣಾಕಾರ ಹೆಕ್ಸ್‌ನಲ್ಲೇ ಆಗಬೇಕು.

ಆಮೇಲೆ ಪರೀಕ್ಷೆ.ಬ್ಯಾಟ್:

ಡಿಬಗ್ < ನೋಡು.ಟಿಎಕ್ಸ್‌ಟಿ > ಒಂದು.ಟಿಎಕ್ಸ್‌ಟಿ
ಮೆಮ್ /ಡಿ > ನಕ್ಷೆ.ಟಿಎಕ್ಸ್‌ಟಿ
ಟಿಪ್ಪಣಿ /ಯು
ಡಿಬಗ್ < ನೋಡು.ಟಿಎಕ್ಸ್‌ಟಿ > ಎರಡು.ಟಿಎಕ್ಸ್‌ಟಿ
ಮ್ಯಾಕ್ರೊ /ಯು
ಡಿಬಗ್ < ನೋಡು.ಟಿಎಕ್ಸ್‌ಟಿ > ಮೂರು.ಟಿಎಕ್ಸ್‌ಟಿ
ಸ್ಮಾರ್ಟ್‌ಡ್ರೈವ್ /ಸಿ

ಕೊನೆಯ ಸಾಲು ಬಿಡಬೇಡಿ. ಇದಾದ ಮೇಲೆ ನೀವು ರೀಸೆಟ್ ಗುಂಡಿ ಒತ್ತಲೇಬೇಕು. ಸ್ಮಾರ್ಟ್‌ಡ್ರೈವ್ ಬರವಣಿಗೆಯನ್ನು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡಿದ್ದರೆ ಮೂರು.ಟಿಎಕ್ಸ್‌ಟಿ ಡಿಸ್ಕ್‌ಗೆ ಹೋಗಿರುವುದಿಲ್ಲ. /ಸಿ ಕೊಟ್ಟರೆ ಆ ಕ್ಷಣವೇ ಬರೆಯುತ್ತದೆ. ಇನ್ನೂ ಖಚಿತ ಬೇಕಾದರೆ ಈ ಪರೀಕ್ಷೆಯ ಬೂಟ್‌ಗೆ ಮಾತ್ರ ಸ್ಮಾರ್ಟ್‌ಡ್ರೈವನ್ನು /ಎಕ್ಸ್ ಜೊತೆ ಲೋಡ್ ಮಾಡಿ, ಆಗ ತಡವಾಗಿ ಬರೆಯುವ ಅಭ್ಯಾಸವೇ ಇರುವುದಿಲ್ಲ.

ಹಳೆಗಣಕ

ಇಎಂಎಂ386 ಇಲ್ಲದೆ ಓಡಿಸಿದ ಫಲಿತಾಂಶ:

ಒಂದು: 0:24ರಲ್ಲಿ 12 01 04 21, 0:58ರಲ್ಲಿ 45 02 04 21
ಎರಡು: 0:24ರಲ್ಲಿ 35 00 74 02, 0:58ರಲ್ಲಿ 45 02 04 21
ಮೂರು: 0:24ರಲ್ಲಿ 90 03 46 17, 0:58 ಬೇರೆಯಾಗಿದೆ

ನಕ್ಷೆಯಲ್ಲಿ ಟಿಪ್ಪಣಿ ಸುಮಾರು 39 ಕೆ, 1746ರ ಸುತ್ತ ಶುರುವಾಗುತ್ತದೆ. ಮ್ಯಾಕ್ರೊ 2104ರ ಬಳಿ.

ಗಡಿಯಾರವೂ ಹ್ಯಾಂಗ್ ಜೊತೆಗೇ ನಿಲ್ಲುತ್ತದೆ. ಇನ್ನೊಂದು ವಿಷಯ: ಇಎಂಎಂ386 ಇರುವಾಗ ಎರಡನ್ನೂ ತೆಗೆದ ಮೇಲೆ ಕಂಟ್ರೋಲ್+ಆಲ್ಟ್+ಟಿ ಒತ್ತಿದರೆ ಟಿಪ್ಪಣಿ ತೆರೆಯುವುದಿಲ್ಲ, ಆದರೆ ಅದರ ಬೀಪ್ ಮಾತ್ರ ಕೇಳಿಸುತ್ತದೆ.

ನಾಲ್ಕೆಂಟಾರು

ಆ ಬೀಪ್ ಒಂದೇ ಸಾಕಿತ್ತು. ತೆಗೆದುಹಾಕಿದ ಪ್ರೋಗ್ರಾಂ ಸದ್ದು ಮಾಡುತ್ತಿದೆ ಎಂದರೆ ಅದರ ಕೋಡ್ ಇನ್ನೂ ಓಡುತ್ತಿದೆ.

ಬೈಟ್‌ಗಳನ್ನು ಹಿಂದಿನಿಂದ ಓದಬೇಕು. ಮೊದಲ ಎರಡು ಆಫ್‌ಸೆಟ್, ಕೊನೆಯ ಎರಡು ಸೆಗ್ಮೆಂಟ್, ಪ್ರತಿ ಜೋಡಿಯಲ್ಲೂ ಚಿಕ್ಕ ಬೈಟ್ ಮೊದಲು. ಹಾಗಾಗಿ 12 01 04 21 ಎಂದರೆ 2104:0112, ಅದು ಮ್ಯಾಕ್ರೊ. ಟಿಪ್ಪಣಿ ಹೋದ ಕೂಡಲೇ 0274:0035 ಆಯಿತು. ಅಷ್ಟು ಕೆಳಗಿನ ಸೆಗ್ಮೆಂಟ್ ಡಾಸ್‌ನದೇ. ಮ್ಯಾಕ್ರೊವನ್ನು ದಾಟಿ ನೇರವಾಗಿ ಅಲ್ಲಿಗೆ ಹೋಗಿದೆ. ಆದರೆ ಅದೇ ಹೊತ್ತಿಗೆ ಇಂಟರಪ್ಟ್ 16 ಇನ್ನೂ 2104ರಲ್ಲೇ ಇದೆ, ಯಾಕೆಂದರೆ ಟಿಪ್ಪಣಿ ಅದನ್ನು ಹಿಡಿದೇ ಇರಲಿಲ್ಲ. ಈ ನಡುವಿನ ಸ್ಥಿತಿಯಲ್ಲಿ ಮ್ಯಾಕ್ರೊದ ಹಾಟ್‌ಕೀ ಸತ್ತಿರುತ್ತದೆ, ಮೊದಲೇ ಬರೆದಿಟ್ಟ ಮ್ಯಾಕ್ರೊಗಳು ಮಾತ್ರ ಬಿಚ್ಚಿಕೊಳ್ಳುತ್ತವೆ. ಅರ್ಧ ಕೆಲಸ ಮಾಡುವ ಟಿಎಸ್‌ಆರ್ ಕಂಡರೆ ಸರಪಳಿ ಕಡಿದಿದೆ ಎಂದೇ ಮೊದಲು ಅನುಮಾನಿಸಬೇಕು. ಮೂರನೆಯದು 1746:0390, ಖಾಲಿಯಾದ ಟಿಪ್ಪಣಿಯ ಒಳಗೇ ಬೀಳುತ್ತದೆ.

ಪರಿಹಾರ: ಹಾಕಿದ್ದರ ತಿರುಗುಮುರುಗು ಕ್ರಮದಲ್ಲಿ ತೆಗೆಯಿರಿ. ಮ್ಯಾಕ್ರೊ, ಆಮೇಲೆ ಟಿಪ್ಪಣಿ, ಬೇಕಿದ್ದರೆ ಆಮೇಲೆ ಗಡಿಯಾರ. ಟಿಪ್ಪಣಿ ಮಾತ್ರ ಹೋಗಬೇಕು, ಮ್ಯಾಕ್ರೊ ಇರಬೇಕು ಎಂದಾದರೆ ಎರಡನ್ನೂ ತೆಗೆದು ಮ್ಯಾಕ್ರೊವನ್ನು ಮತ್ತೆ ಹಾಕಿ. ಇದನ್ನು ಒಂದು ಬ್ಯಾಚ್ ಕಡತದಲ್ಲಿ ಬರೆದಿಟ್ಟು, /ಯು ಅನ್ನು ಬಿಡಿಬಿಡಿಯಾಗಿ ಟೈಪ್ ಮಾಡುವುದನ್ನೇ ನಿಲ್ಲಿಸುವುದು ಒಳ್ಳೆಯದು.

ಇನ್ನೂ ಒಳ್ಳೆಯದು, 39 ಕೆ ತಿನ್ನುವ ಟಿಪ್ಪಣಿಯನ್ನೇ ಕೊನೆಗೆ ಲೋಡ್ ಮಾಡುವುದು. ಪದೇ ಪದೇ ತೆಗೆಯಬೇಕಾದದ್ದು ಸರಪಳಿಯ ತುದಿಯಲ್ಲಿರಬೇಕು. ಆಗ ಮೆಮೊರಿಯ ನಡುವೆ ತೂತೂ ಬೀಳುವುದಿಲ್ಲ. ಒಂದು ವ್ಯತ್ಯಾಸ ಆಗುತ್ತದೆ: ಕೊನೆಗೆ ಬಂದವರು ಕೀಯನ್ನು ಮೊದಲು ನೋಡುತ್ತಾರೆ. ಟಿಪ್ಪಣಿ ಮತ್ತು ಮ್ಯಾಕ್ರೊ ಎರಡಕ್ಕೂ ಒಂದೇ ಹಾಟ್‌ಕೀ ಇದ್ದರೆ ಇನ್ನು ಮೇಲೆ ಟಿಪ್ಪಣಿಯೇ ಗೆಲ್ಲುತ್ತದೆ. 1984ರಲ್ಲಿ ಬಂದ ಬೋರ್ಲ್ಯಾಂಡ್‌ನ ಸೈಡ್‌ಕಿಕ್ ಕೂಡ ತನ್ನನ್ನು ಕೊನೆಗೇ ಲೋಡ್ ಮಾಡಬೇಕು ಎಂದು ಹಟ ಹಿಡಿಯುತ್ತಿತ್ತು. ಅಂಥ ಎರಡು ಪ್ರೋಗ್ರಾಂ ಒಂದೇ ಯಂತ್ರದಲ್ಲಿ ಹೊಂದಿಕೊಂಡು ಇರುವುದು ಕಷ್ಟ.

ಡಾಸ್_ಅಂಗಳ

ಎ20 ಎಂದದ್ದು ತಪ್ಪಾಯಿತು, ಒಳ ಆಜ್ಞೆ-ಹೊರ ಆಜ್ಞೆಯ ವ್ಯತ್ಯಾಸವನ್ನು ಗಮನಿಸಬೇಕಿತ್ತು.

ಕ್ರಮ ನೆನಪಿಡುವುದು ಕಷ್ಟ ಅನ್ನುವವರಿಗೆ, ಅಥವಾ /ಯು ಸೌಲಭ್ಯವೇ ಇಲ್ಲದ ಟಿಎಸ್‌ಆರ್‌ಗಳಿಗೆ, ಟರ್ಬೊಪವರ್‌ನವರ ಮಾರ್ಕ್ ಮತ್ತು ರಿಲೀಸ್ ಎಂಬ ಜೋಡಿ ಇದೆ. ಮಾರ್ಕ್ ಓಡಿಸಿದರೆ ಆ ಹೊತ್ತಿನ ಪೂರ್ತಿ ವೆಕ್ಟರ್ ಪಟ್ಟಿಯನ್ನು ನಕಲು ಮಾಡಿಟ್ಟುಕೊಳ್ಳುತ್ತದೆ. ರಿಲೀಸ್ ಆ ಪಟ್ಟಿಯನ್ನು ಹಾಗೇ ಹಿಂದಕ್ಕೆ ಹಾಕಿ, ಮಾರ್ಕ್ ನಂತರ ಬಂದ ಎಲ್ಲರ ಜಾಗವನ್ನೂ ಒಟ್ಟಿಗೆ ಬಿಡಿಸುತ್ತದೆ. ಯಾರು ಯಾರ ವಿಳಾಸ ಬರೆದಿಟ್ಟುಕೊಂಡಿದ್ದರು ಎಂಬ ಪ್ರಶ್ನೆಯೇ ಬರುವುದಿಲ್ಲ.

ಆಟೋಎಕ್ಸೆಕ್‌ನಲ್ಲಿ ಗಡಿಯಾರದ ನಂತರ, ಟಿಪ್ಪಣಿಗೆ ಮೊದಲು ಮಾರ್ಕ್ ಹಾಕಿ. ಎರಡು ಎಚ್ಚರಿಕೆ: ಸ್ಮಾರ್ಟ್‌ಡ್ರೈವ್ ಮತ್ತು ಮೌಸ್ ಡ್ರೈವರ್ ಯಾವಾಗಲೂ ಮಾರ್ಕ್‌ಗಿಂತ ಮೇಲಿನ ಸಾಲಿನಲ್ಲಿರಲಿ. ಡಿಸ್ಕ್ ಬರವಣಿಗೆ ಬಾಕಿ ಇಟ್ಟುಕೊಂಡ ಕ್ಯಾಷೆಯನ್ನು ಹೀಗೆ ಕಿತ್ತುಹಾಕಿದರೆ ಕಡತಗಳೇ ಹಾಳಾಗುತ್ತವೆ. ಬೇರೆ ಪ್ರೋಗ್ರಾಂ ಒಳಗಿಂದ "ಡಾಸ್‌ಗೆ ಹೋಗು" ಎಂದು ಬಂದ ಪ್ರಾಂಪ್ಟ್‌ನಲ್ಲಿ ರಿಲೀಸ್ ಓಡಿಸಬೇಡಿ, ಹೊಸ ಟಿಎಸ್‌ಆರ್ ಹಾಕುವುದೂ ಬೇಡ. ಆ ಪ್ರೋಗ್ರಾಂ ಮುಚ್ಚಿದ ಮೇಲೆ ಮೆಮೊರಿಯ ನಡುವೆ ಟಿಎಸ್‌ಆರ್ ಉಳಿದು, ಕೆಳಗಿನ ಜಾಗ ದೊಡ್ಡ ಪ್ರೋಗ್ರಾಂಗಳಿಗೆ ದಕ್ಕದೆ ಹೋಗುತ್ತದೆ.

ಜಾಗದ ಮಾತು ಬಂದದ್ದರಿಂದ ಒಂದು ಉಪಾಯ: ಪ್ರತಿ ಟಿಎಸ್‌ಆರ್ ಲೋಡ್ ಆಗುವಾಗ ಆ ಹೊತ್ತಿನ ಎನ್ವಿರಾನ್‌ಮೆಂಟಿನ (ಪಾತ್, ಸೆಟ್ ಸಾಲುಗಳು ಇಟ್ಟ ಬೆಲೆಗಳ ಪಟ್ಟಿ) ಒಂದು ಪ್ರತಿ ಅದಕ್ಕೆ ಸಿಗುತ್ತದೆ. ಬಹಳಷ್ಟು ಟಿಎಸ್‌ಆರ್‌ಗಳು ಅದನ್ನು ಬಿಡುವುದೇ ಇಲ್ಲ. ಆದ್ದರಿಂದ ಉದ್ದನೆಯ ಪಾತ್ ಮತ್ತು ಸೆಟ್ ಸಾಲುಗಳನ್ನು ಟಿಎಸ್‌ಆರ್‌ಗಳ ಕೆಳಗೆ ಬರೆದು, ಟಿಎಸ್‌ಆರ್‌ಗಳನ್ನು ಪೂರ್ತಿ ದಾರಿ ಕೊಟ್ಟು ಕರೆಯಿರಿ. ಇಎಂಎಂ386 ಇಲ್ಲದ ಯಂತ್ರದಲ್ಲಿ ಒಂದೊಂದು ನೂರು ಬೈಟೂ ಲೆಕ್ಕಕ್ಕೆ ಬರುತ್ತದೆ.

ಬೈಟೆಣಿಕೆ

ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ.

ಕಂಟ್ರೋಲ್ ಸಿಕ್ಕಿಕೊಳ್ಳುವುದು: ಕೀ ಒತ್ತಿದಾಗ ಒಂದು ಸಂಕೇತ, ಬಿಟ್ಟಾಗ ಅದಕ್ಕೆ ಹೆಕ್ಸ್ 80 ಕೂಡಿದ ಇನ್ನೊಂದು ಸಂಕೇತ ಬರುತ್ತದೆ. ಆಲ್ಟ್ ಒತ್ತಿದರೆ 38, ಬಿಟ್ಟರೆ ಬಿ8. ಈ ಎರಡನ್ನೂ ನೋಡಿ ಬಯೋಸ್ 40:17ರಲ್ಲಿ ಲೆಕ್ಕ ಇಡುತ್ತದೆ. ಬಿಟ್ 0 ಬಲ ಶಿಫ್ಟ್, 1 ಎಡ ಶಿಫ್ಟ್, 2 ಕಂಟ್ರೋಲ್, 3 ಆಲ್ಟ್, ಮೇಲಿನ ನಾಲ್ಕು ಬಿಟ್‌ಗಳು ಸ್ಕ್ರೋಲ್, ನಮ್, ಕ್ಯಾಪ್ಸ್, ಇನ್ಸರ್ಟ್. ನೀವು ಕಂಟ್ರೋಲ್+ಆಲ್ಟ್+ಟಿ ಒತ್ತುತ್ತೀರಿ, ಒತ್ತಿದ ಸುದ್ದಿ ಬಯೋಸ್‌ಗೆ ತಲುಪುತ್ತದೆ. ಟಿಪ್ಪಣಿ ತೆರೆದುಕೊಂಡು ಕೀಬೋರ್ಡನ್ನು ತಾನೇ ಓದತೊಡಗುತ್ತದೆ. ನೀವು ಬೆರಳು ತೆಗೆದ ಸುದ್ದಿಯನ್ನು ಅದೇ ನುಂಗಿಬಿಟ್ಟರೆ ಬಯೋಸ್ ಲೆಕ್ಕದಲ್ಲಿ ಕಂಟ್ರೋಲ್ ಒತ್ತಿಯೇ ಇರುತ್ತದೆ. "ಕೆಲವೊಮ್ಮೆ" ಆಗುವುದು ಅದಕ್ಕೇ: ಕಿಟಕಿ ತೆರೆಯುವ ಮೊದಲೇ ಬೆರಳು ಬಿಟ್ಟರೆ ತೊಂದರೆ ಇಲ್ಲ, ತಡವಾಗಿ ಬಿಟ್ಟರೆ ಸಿಕ್ಕಿಕೊಳ್ಳುತ್ತದೆ.

ತಕ್ಷಣದ ಪರಿಹಾರ, ಎರಡೂ ಬದಿಯ ಕಂಟ್ರೋಲ್ ಮತ್ತು ಆಲ್ಟ್ ಕೀಗಳನ್ನು ಒಂದೊಂದಾಗಿ ಒತ್ತಿ ಬಿಡುವುದು. ಬಯೋಸ್ ಬಿಟ್ಟ ಸಂಕೇತ ನೋಡಿ ಬಿಟ್ ಅಳಿಸುತ್ತದೆ. ಡಿಬಗ್‌ನಲ್ಲಿ "ಇ 40:17 0" ಎಂದರೂ ಆಗುತ್ತದೆ, ಆದರೆ ಕಂಟ್ರೋಲ್ ಸಿಕ್ಕಿಕೊಂಡಾಗ ಅಕ್ಷರ ಟೈಪ್ ಆಗುವುದೇ ಇಲ್ಲ, ಜೊತೆಗೆ ನಮ್ ಲಾಕ್ ಮತ್ತು ಕ್ಯಾಪ್ಸ್ ಲಾಕ್ ಸ್ಥಿತಿಯೂ ಅಳಿಯುತ್ತದೆ. ಹಾಟ್‌ಕೀ ಬದಲಿಸಲು ಟಿಪ್ಪಣಿಯಲ್ಲಿ ಅವಕಾಶ ಇದ್ದರೆ ಕಂಟ್ರೋಲ್, ಆಲ್ಟ್ ಇಲ್ಲದ ಒಂಟಿ ಕೀ ಕೊಡಿ, ಎಫ್12 ಥರದ್ದು. ಆಗ ಸಿಕ್ಕಿಕೊಳ್ಳಲು ಏನೂ ಇರುವುದಿಲ್ಲ.

ಇಂಟರ್‌ಲಿಂಕ್ ಮತ್ತು ಮೌಸ್: ಏನೂ ಹೇಳದಿದ್ದರೆ ಇಂಟರ್‌ಲಿಂಕ್ ಎಲ್ಲ ಸೀರಿಯಲ್, ಪ್ಯಾರಲಲ್ ಪೋರ್ಟ್‌ಗಳನ್ನೂ ಹುಡುಕುತ್ತದೆ, ಕಾಮ್1ರಲ್ಲಿರುವ ಮೌಸನ್ನೂ ಮಾತಾಡಿಸುತ್ತದೆ. ಪೋರ್ಟ್ ಗೊತ್ತುಮಾಡಿ ಕೊಡಿ:

ಡಿವೈಸ್=ಸಿ:\ಡಾಸ್\ಇಂಟರ್‌ಲಿಂಕ್.ಇಎಕ್ಸ್‌ಇ /ಕಾಮ್:2 /ಡ್ರೈವ್ಸ್:1 /ನೋಪ್ರಿಂಟರ್

/ಡ್ರೈವ್ಸ್ ಕೊಡದಿದ್ದರೆ ಮೂರು ಡ್ರೈವ್‌ಗೆ ಜಾಗ ಹಿಡಿಯುತ್ತದೆ, /ನೋಪ್ರಿಂಟರ್ ಕೊಡದಿದ್ದರೆ ಪ್ರಿಂಟರ್ ಪೋರ್ಟ್‌ಗಳ ಕೋಡೂ ಸೇರುತ್ತದೆ.

ಆದರೆ ನಿಮ್ಮ ಕೆಲಸಕ್ಕೆ ಈ ಸಾಲೇ 486ರಲ್ಲಿ ಬೇಡ. ಕಡತ ಕೊಡುವ ಯಂತ್ರದಲ್ಲಿ ಓಡಬೇಕಾದದ್ದು ಇಂಟರ್‌ಸರ್ವರ್ (ಆಜ್ಞೆಯ ಹೆಸರು ಇಂಟರ್‌ಎಸ್‌ವಿಆರ್), ಅದಕ್ಕೆ ಡ್ರೈವರ್ ಬೇಕಿಲ್ಲ. ಇಂಟರ್‌ಲಿಂಕ್.ಇಎಕ್ಸ್‌ಇ ಬೇಕಾದದ್ದು ಪಡೆಯುವ ಯಂತ್ರದ ಕಾನ್ಫಿಗ್.ಸಿಸ್‌ನಲ್ಲಿ. 486 ಅನ್ನು ಎಫ್5 ಒತ್ತಿ ಬೂಟ್ ಮಾಡಿ, ಯಾವ ಟಿಎಸ್‌ಆರ್ ಕೂಡ ಇಲ್ಲದೆ:

ಸಿ:\ಡಾಸ್\ಇಂಟರ್‌ಎಸ್‌ವಿಆರ್ ಸಿ: /ಕಾಮ್:2

ನಿಲ್ಲಿಸಲು ಆಲ್ಟ್+ಎಫ್4. ಕೇಬಲ್ ನಲ್-ಮೋಡೆಮ್ ಆಗಿರಬೇಕು. 9 ಪಿನ್ ಎರಡೂ ಕಡೆ ಇದ್ದರೆ 2ರಿಂದ 3ಕ್ಕೆ, 3ರಿಂದ 2ಕ್ಕೆ, 5ರಿಂದ 5ಕ್ಕೆ, ಜೊತೆಗೆ 7-8, 8-7, 4-6, 6-4. ವೇಗ ತಾನಾಗಿ 115200ಕ್ಕೆ ಹೋಗುತ್ತದೆ. ಹಳೆಯ ಸೀರಿಯಲ್ ಚಿಪ್‌ನಲ್ಲಿ ತಪ್ಪುಗಳು ಬಂದರೆ ಎರಡೂ ಕಡೆ /ಬಾಡ್:38400 ಕೊಡಿ. ಸಂಪರ್ಕ ಆದ ಮೇಲೆ ಒಂದು ಯಂತ್ರ ನಿಂತುಹೋದರೆ /ವಿ ಸೇರಿಸಿ, ಟೈಮರ್ ಜೊತೆಗಿನ ತಿಕ್ಕಾಟ ತಪ್ಪಿಸಲೆಂದೇ ಆ ಸ್ವಿಚ್ ಇದೆ. 115200ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 11 ಕೆ ಚಿಲ್ಲರೆ, ಹಾಗಾಗಿ 10 ಎಂಬಿಗೆ ಕನಿಷ್ಠ ಕಾಲು ಗಂಟೆ ಬೇಕು.

ಇಸ್ಕಿ ಕಡತಗಳ ಬಗ್ಗೆ, ದಯವಿಟ್ಟು ಇದನ್ನು ಗಮನಿಸಿ. ಇಸ್ಕಿಯಲ್ಲಿ ಭಾರತೀಯ ಅಕ್ಷರಗಳು ಎಂಟನೆಯ ಬಿಟ್ ಇರುವ ಮೇಲರ್ಧದಲ್ಲಿವೆ. ಕ ಅಕ್ಷರದ ಸಂಕೇತ ಬಿ3. ಭಾರತೀಯ ಲಿಪಿ ತೋರಿಸುವ ಜಿಸ್ಟ್ ಕಾರ್ಡ್ ಇಲ್ಲದ ಸಾಮಾನ್ಯ ಪರದೆಯಲ್ಲಿ ಅದೇ ಬಿ3 ಒಂದು ಉದ್ದಗೆರೆಯಾಗಿ ಕಾಣುತ್ತದೆ, ಪುಟ ತುಂಬ ಗೆರೆ, ಮೂಲೆ, ಚೌಕಗಳು. ಕಡತ ಹಾಳಾಗಿದೆ ಎಂದುಕೊಂಡು ಅಳಿಸಬೇಡಿ. ಏಳು ಬಿಟ್‌ಗೆ ಹೊಂದಿಸಿದ ಸೀರಿಯಲ್ ಪ್ರೋಗ್ರಾಂ ಮೂಲಕ ಕಳಿಸಿದರೆ ಮಾತ್ರ ಕನ್ನಡವೆಲ್ಲ ನಿಜವಾಗಿಯೂ ನಾಶವಾಗುತ್ತದೆ. ಇಂಟರ್‌ಲಿಂಕ್ ಬೈಟನ್ನು ಹಾಗೇ ಒಯ್ಯುತ್ತದೆ. ಹಲವು ಕಡತಗಳನ್ನು ಕೂಡು ಚಿಹ್ನೆಯಿಂದ ಒಂದು ಮಾಡುವುದಾದರೆ ಕಾಪಿ /ಬಿ ಎನ್ನಿ, ಇಲ್ಲದಿದ್ದರೆ ನಡುವೆ ಕಂಟ್ರೋಲ್+ಝಡ್ ಸಿಕ್ಕಲ್ಲಿ ಆ ಕಡತ ಮೊಟಕಾಗುತ್ತದೆ. ವರ್ಡ್‌ಸ್ಟಾರ್‌ನ ಡಾಕ್ಯುಮೆಂಟ್ ಮೋಡ್‌ನಲ್ಲಿ ಇವನ್ನು ತೆರೆದು ಉಳಿಸಬೇಡಿ, ಅದು ಎಂಟನೆಯ ಬಿಟ್ಟನ್ನು ತನ್ನ ಗುರುತಿಗೆ ಬಳಸಿಕೊಳ್ಳುತ್ತದೆ.

ಈಚಿನ ವಿಂಡೋಸ್‌ಗೆ ತಂದ ಮೇಲೆ ಯೂನಿಕೋಡ್‌ಗೆ ತಿರುಗಿಸಲು ಕೋಡ್‌ಪೇಜ್ 57008 ಬಳಸಿ, ಅದು ಇಸ್ಕಿ ಕನ್ನಡ. ವಿಂಡೋಸ್ ಪವರ್‌ಶೆಲ್‌ನಲ್ಲಿ ಆ ಸಂಖ್ಯೆಯ ಎನ್‌ಕೋಡಿಂಗ್ ಪಡೆದು ಬೈಟ್‌ಗಳನ್ನು ಓದಿಸಿ, ಯುಟಿಎಫ್-8ಕ್ಕೆ ಬರೆದರಾಯಿತು. ದೇವನಾಗರಿಯ 57002 ಕೊಟ್ಟುಬಿಟ್ಟರೆ ಅದೇ ಪಠ್ಯ ಹಿಂದಿ ಅಕ್ಷರಗಳಲ್ಲಿ ಬರುತ್ತದೆ, ಇಸ್ಕಿಯಲ್ಲಿ ಎಲ್ಲ ಲಿಪಿಗೂ ಸಂಕೇತ ಒಂದೇ.

ಹಳೆಗಣಕ

ಟಿಪ್ಪಣಿಯನ್ನು ಕೊನೆಗೆ ಸರಿಸಿದ ಮೇಲೆ ಅದೊಂದನ್ನೇ /ಯು ಕೊಟ್ಟು ತೆಗೆದರೂ ಎಡಿಟ್ ಸರಿಯಾಗಿ ಓಡುತ್ತಿದೆ. 0:24ರಲ್ಲಿ ಮತ್ತೆ ಮ್ಯಾಕ್ರೊದ ವಿಳಾಸವೇ ಬಂದಿದೆ. ಹಾಟ್‌ಕೀಯನ್ನು ಎಫ್12 ಮಾಡಿದ್ದೇನೆ.

ಟಿಪ್ಪಣಿಯ ಜೊತೆ ಅದರ ಅಸೆಂಬ್ಲಿ ಮೂಲವೂ ಬಂದಿದೆ. /ಯು ಭಾಗದಲ್ಲಿ ಏನು ಸೇರಿಸಿದರೆ ಈ ತಪ್ಪು ಮತ್ತೆ ಆಗದು?

ನಾಲ್ಕೆಂಟಾರು

ತೆಗೆಯುವ ಮುನ್ನ ಹಿಡಿದಿರುವ ಪ್ರತಿ ಇಂಟರಪ್ಟಿಗೂ ಇಂಟರಪ್ಟ್ 21ರ 35ನೇ ಕಾರ್ಯ ಕರೆಯಿರಿ. ಈಗಿನ ವಿಳಾಸ ಇಎಸ್:ಬಿಎಕ್ಸ್‌ನಲ್ಲಿ ಬರುತ್ತದೆ. ಅದು ನಿಮ್ಮದೇ ಹ್ಯಾಂಡ್ಲರ್‌ನ ಸೆಗ್ಮೆಂಟ್ ಮತ್ತು ಆಫ್‌ಸೆಟ್ ಹೌದೇ ಎಂದು ಹೋಲಿಸಿ. ನಿಮ್ಮ ಟಿಪ್ಪಣಿ 9 ಹಿಡಿದಿರುವುದು ಖಚಿತ. ಪಾಪ್‌ಅಪ್ ಆದ್ದರಿಂದ 8 (ಟೈಮರ್) ಮತ್ತು 28 (ಡಾಸ್ ಬಿಡುವಾಗಿದೆ ಎಂಬ ಸೂಚನೆ) ಕೂಡ ಹಿಡಿದಿರಬಹುದು, 25ನೇ ಕಾರ್ಯವನ್ನು ಎಲ್ಲೆಲ್ಲಿ ಕರೆದಿದ್ದಾರೆ ಎಂದು ಮೂಲದಲ್ಲಿ ಹುಡುಕಿ ಪಟ್ಟಿ ಮಾಡಿಕೊಳ್ಳಿ.

ಎಲ್ಲವನ್ನೂ ಮೊದಲು ಪರೀಕ್ಷಿಸಿ, ಎಲ್ಲವೂ ನಿಮ್ಮದೇ ಆಗಿದ್ದರೆ ಮಾತ್ರ 25ನೇ ಕಾರ್ಯದಿಂದ ಹಿಂದಿನ ವಿಳಾಸಗಳನ್ನು ಹಾಕಿ. ಒಂದನ್ನು ನೋಡಿ ಒಂದನ್ನು ಬಿಡಿಸುತ್ತಾ ಹೋದರೆ, 8 ಬಿಟ್ಟುಕೊಟ್ಟು 9ರಲ್ಲಿ ನಿಲ್ಲಬೇಕಾಗಿ ಬಂದು, ಈಗಿನದಕ್ಕಿಂತ ಕೆಟ್ಟ ಅರ್ಧ ಸ್ಥಿತಿ ಆಗುತ್ತದೆ. ಒಂದೇ ಒಂದು ಬೇರೆಯವರದಾಗಿದ್ದರೂ ಏನನ್ನೂ ಮುಟ್ಟದೆ "ನನ್ನ ನಂತರ ಬಂದದ್ದನ್ನು ಮೊದಲು ತೆಗೆಯಿರಿ" ಎಂದು ಬರೆದು ಹೊರಬನ್ನಿ. ವೆಕ್ಟರ್‌ಗಳನ್ನು ಹಾಕಿ ಮುಗಿದ ಮೇಲೆಯೇ 49ನೇ ಕಾರ್ಯದಿಂದ ಮೆಮೊರಿ ಬಿಡಿ, ಮೊದಲು ಎನ್ವಿರಾನ್‌ಮೆಂಟ್ ತುಂಡು, ಆಮೇಲೆ ಪ್ರೋಗ್ರಾಂ ತುಂಡು. ಎನ್ವಿರಾನ್‌ಮೆಂಟಿನ ಸೆಗ್ಮೆಂಟ್ ಪಿಎಸ್‌ಪಿಯ (ಪ್ರೋಗ್ರಾಂ ತುಂಡಿನ ಮೊದಲಿಗೆ ಡಾಸ್ ಇಡುವ ಮಾಹಿತಿ) 2ಸಿ ಜಾಗದಲ್ಲಿದೆ. ಪ್ರೋಗ್ರಾಂ ತುಂಡು ಬಿಟ್ಟ ಮೇಲೆ ಪಿಎಸ್‌ಪಿ ಓದಲು ಹೋಗುವುದು ಸರಿಯಲ್ಲ.